ಕ್ಯಾಲೆಂಡರ್ ಹಾಳೆ ಹರಿಯಬೇಡಿ

(ಮನೆಯ ದಿನನಿತ್ಯದ ಬದುಕನ್ನು ಸ್ಕ್ರ್ಯಾಪ್‌ಬುಕ್‌ನಲ್ಲಿ ಕೂಡಿಡುವ ಬಗ್ಗೆ ಕೊಪ್ಪಳದಲ್ಲಿ ಶಿಕ್ಷಕಿಯರು, ಗೃಹಿಣಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಮನೆಯ ತಿಜೋರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅದರಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ, ಅಲ್ವಾ? ಪಹಣಿ, ರೇಷನ್ ಕಾರ್ಡು, ಆಧಾರ್ ಝೆರಾಕ್ಸು, ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ಟಿಸಿ. ನಮ್ಮ ಭಾಗದವರು ಇನ್ನೊಂದು ಹೆಜ್ಜೆ ಮುಂದೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಸರ್ಟಿಫಿಕೇಟಿಗೆ ಬೇಕಾದೀತು ಅಂತ ಅಪ್ಪ ಓದಿದ ಶಾಲೆಯ ದಾಖಲೆಯನ್ನೂ ಜೋಪಾನ ಮಾಡಿರುತ್ತೇವೆ. ಅದರ ಮೇಲಿನ ಖಾನೆಯಲ್ಲಿ ಮದುವೆ ಆಲ್ಬಮ್ಮು, ರೇಷ್ಮೆ ಸೀರೆಗಳ ಪಕ್ಕದಲ್ಲಿ.

ಅಲ್ಲಿಗೆ ಮುಗಿಯಿತು. ಒಂದು ಸರ್ಕಾರ ಕೇಳಿದ್ದು, ಇನ್ನೊಂದು ಬೀಗರಿಗೆ ತೋರಿಸಲು ಇಟ್ಟಿದ್ದು. ಫೈಲಿನಲ್ಲಿ ನಾವು ಸರ್ವೆ ನಂಬರು, ಹುಟ್ಟಿದ ತಾರೀಖು. ಆಲ್ಬಮ್ಮಿನಲ್ಲಿ ಮೇಕಪ್ಪು ಹಚ್ಚಿಕೊಂಡು ಸಾಲಾಗಿ ನಿಂತವರು. ಈಗಿನ ಕರಿಷ್ಮಾ ಆಲ್ಬಮ್ ನೋಡಿದ್ದೀರಲ್ಲ, ಮದುಮಗಳನ್ನು ಕಂಪ್ಯೂಟರಿನಲ್ಲೇ ತೆಗೆದುಕೊಂಡು ಹೋಗಿ ಹಿಮದ ಬೆಟ್ಟದ ಮುಂದೆ ನಿಲ್ಲಿಸಿರುತ್ತಾರೆ. ಕೊಪ್ಪಳದ ಕಲ್ಯಾಣ ಮಂಟಪದ ಕುರ್ಚಿಯೂ ಅದರಲ್ಲಿ ಕಾಣುವುದಿಲ್ಲ! ಆ ಮದುವೆಗೆ ಮೊದಲು, ಆಮೇಲೆ, ಬೆಳಗ್ಗೆ ಎದ್ದು ಒಲೆ ಹಚ್ಚಿ, ಡಬ್ಬಿ ಕಟ್ಟಿ, ನಳಕ್ಕೆ ಕಾಯ್ದು, ಸಂಜೆ ಸಂತೆಗೆ ಹೋಗಿ ಬದುಕಿದ್ದು ಎಲ್ಲಿದೆ? ಅದರ ಗುರುತು ಮನೆಯಲ್ಲಿ ಏನೂ ಇಲ್ಲ. ಇವತ್ತು ನಾನು ಹೇಳುವುದು ಆ ಸುಮ್ನೆ ದಿನಗಳ ಬಗ್ಗೆ, ಅವನ್ನು ಸ್ಕ್ರ್ಯಾಪ್‌ಬುಕ್‌ನಲ್ಲಿ, ಅಂದರೆ ಚೀಟಿ, ಫೋಟೋ ಅಂಟಿಸಿ ಪಕ್ಕದಲ್ಲಿ ಬರೆದಿಡುವ ಪುಸ್ತಕದಲ್ಲಿ, ಕೂಡಿಡುವ ಬಗ್ಗೆ.

ನೆನಪಿರುತ್ತದೆ ಬಿಡ್ರಿ ಅಂತ ನೀವು ಹೇಳಬಹುದು. ಒಂದು ಪರೀಕ್ಷೆ ಮಾಡೋಣ. ಮೊದಲ ಲಾಕ್‌ಡೌನ್ 2020ರ ಮಾರ್ಚ್ 25ರಂದು ಶುರುವಾಯಿತು. ಇದು ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ಆ ವಾರ ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಇದ್ದಿರಿ? ಯಾರು ಬೆಂಗಳೂರಿನಲ್ಲೇ ಸಿಕ್ಕಿಬಿದ್ದಿದ್ದರು? ತರಕಾರಿ ಯಾರು ತಂದುಕೊಟ್ಟರು? ಆಮೇಲೆ ಮಕ್ಕಳು ಯಾರ ಮೊಬೈಲಿನಲ್ಲಿ ಪಾಠ ಕೇಳಿದರು? ನೋಡಿ, ಈಗಲೇ ಗಂಡ ಒಂದು ಹೇಳುತ್ತಾನೆ, ಹೆಂಡತಿ ಒಂದು ಹೇಳುತ್ತಾಳೆ. ಜನ್ಮದಲ್ಲಿ ಮರೆಯುವುದಿಲ್ಲ ಅಂದುಕೊಂಡ ದಿನಗಳವು. ಇನ್ನು ಸಾದಾ ಮಂಗಳವಾರದ ಗತಿ ಏನು?

ಸ್ಕ್ರ್ಯಾಪ್‌ಬುಕ್ ಅಂದ ಕೂಡಲೇ ನಿಮ್ಮಲ್ಲಿ ಕೆಲವರ ಮುಖ ಸಣ್ಣದಾಯಿತು. ನನಗೆ ಗೊತ್ತು ಯಾಕೆ ಅಂತ. ರಾತ್ರಿ ಒಂಬತ್ತು ಗಂಟೆಗೆ ಮಗ ಬಂದು "ಅವ್ವಾ, ನಾಳೆ ಪ್ರಾಜೆಕ್ಟ್ ಕೊಡಬೇಕು" ಅನ್ನುತ್ತಾನೆ. ಆಗ ಅಂಗಡಿ ಬಾಗಿಲು ಬಡಿದು ರಾಷ್ಟ್ರನಾಯಕರ ಚಾರ್ಟು, ಹಣ್ಣುಗಳ ಚಾರ್ಟು ತಂದು, ಕತ್ತರಿಸಿ ಅಂಟಿಸುವವರು ನೀವು. ಮಗ ಮಲಗಿರುತ್ತಾನೆ. ಅದನ್ನು ಮರೆತುಬಿಡಿ. ಹೊಳೆಯುವ ಪುಡಿ, ಹೃದಯದ ಸ್ಟಿಕ್ಕರು, ಬಣ್ಣದ ರಿಬ್ಬನ್ನು ಯಾವುದೂ ಬೇಡ. ಬೇಕು ಅನ್ನುವವರು ಹಚ್ಚಿಕೊಳ್ಳಲಿ, ನನ್ನ ಅಡ್ಡಿ ಇಲ್ಲ. ಆದರೆ ಚಂದ ಮಾಡಬೇಕು ಅಂತ ಕುಳಿತವರು ಮೂರನೇ ಪುಟಕ್ಕೆ ಕೈಬಿಡುತ್ತಾರೆ, ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಹಾಗಾದರೆ ಏನನ್ನು ಅಂಟಿಸಬೇಕು? ಗೋಡೆ ಮೇಲಿನ ಕ್ಯಾಲೆಂಡರಿನಿಂದ ಶುರು ಮಾಡಿ. ಶಾಬಾದಿಮಠದ್ದಿರಲಿ, ಬೆಂಗಳೂರು ಪ್ರೆಸ್ಸಿನದ್ದಿರಲಿ, ಕಿರಾಣಿ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದಿರಲಿ. ನಮ್ಮ ಹೆಣ್ಣುಮಕ್ಕಳು ಡೈರಿ ಬರೆಯುವುದಿಲ್ಲ ಅನ್ನುತ್ತಾರೆ. ಸುಳ್ಳು. ದಿನಾ ಬರೆಯುತ್ತಾರೆ, ಕ್ಯಾಲೆಂಡರಿನ ಚೌಕದೊಳಗೆ.

ಗಂಗಾವತಿ ಕಡೆಯ ಪರಿಚಯದ ಮನೆಯೊಂದರಲ್ಲಿ ನೋಡಿದ 2024ರ ಆಗಸ್ಟ್ ಹಾಳೆಯನ್ನು ನಿಮ್ಮ ಮುಂದೆ ಓದುತ್ತೇನೆ. 3, 10, 18, 25 ಈ ತಾರೀಖುಗಳ ಸುತ್ತ ಪೆನ್ನಿನಲ್ಲಿ ಒಂದೊಂದು ಸುತ್ತು. ನಳದಲ್ಲಿ ನೀರು ಬಂದ ದಿನಗಳು ಅವು. 5ರಲ್ಲಿ "ಸಿಲಿಂಡರ್". ಪ್ರತಿ ಚೌಕದ ಮೂಲೆಯಲ್ಲಿ ಹಾಲಿನ ಲೆಕ್ಕ, ದಿನಾ "1". 8ರಲ್ಲಿ "ಅಕ್ಕ ಬಂದ್ಲು". ಆ ವರ್ಷ ನಾಗರ ಪಂಚಮಿ 9ಕ್ಕೆ ಇತ್ತು, ಹಬ್ಬಕ್ಕೆ ತವರಿಗೆ ಬಂದಿದ್ದಾಳೆ. ಅವತ್ತಿನಿಂದ ಹಾಲು "1½". ಅಂದರೆ ಮಕ್ಕಳನ್ನೂ ಕರೆದುಕೊಂಡು ಬಂದಿದ್ದಾಳೆ. 14ಕ್ಕೆ ಮತ್ತೆ "1". ಹೋದಳು ಅಂತ ಯಾರೂ ಬರೆದಿಲ್ಲ, ಹಾಲೇ ಹೇಳುತ್ತದೆ. ಇನ್ನು 11ನೇ ತಾರೀಖಿನ ಚೌಕದಲ್ಲಿ ಬೇರೆ ಕೈಬರಹ, ಗಂಡಸಿನದು, ದಪ್ಪ ಅಕ್ಷರ: "19 ಗೇಟ್". ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು 10ರ ರಾತ್ರಿ. ಆ ಮನೆಯವರದು ಎಡದಂಡೆ ಕಾಲುವೆಯ ಭತ್ತ. ಡ್ಯಾಮ್ ಖಾಲಿಯಾದರೆ ಎರಡನೇ ಬೆಳೆ ಇಲ್ಲ. ಹಬ್ಬಕ್ಕೆ ಬಂದ ಮಗಳು, ಮೊಮ್ಮಕ್ಕಳು, ಅದರ ನಡುವೆ ಈ ಸುದ್ದಿ. ಎಲ್ಲಾ ಒಂದೇ ಹಾಳೆಯಲ್ಲಿ, ಒಂದು ಪೂರ್ತಿ ವಾಕ್ಯವೂ ಇಲ್ಲದೆ.

ಇಂಥ ಹಾಳೆಯನ್ನು ನಾವೇನು ಮಾಡುತ್ತೇವೆ? ತಿಂಗಳು ಮುಗಿದ ಕೂಡಲೇ ಹರಿದು ಮಕ್ಕಳ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತೇವೆ, ಇಲ್ಲವೇ ಡಬ್ಬಿ ಇಡುವ ಕಪಾಟಿಗೆ ಹಾಸುತ್ತೇವೆ. ದಯವಿಟ್ಟು ಹರಿಯಬೇಡಿ. ವರ್ಷಕ್ಕೆ ಹನ್ನೆರಡು ಹಾಳೆ. ಪುಸ್ತಕದ ಎಡಗಡೆ ಆ ತಿಂಗಳ ಹಾಳೆ ಮಡಚಿ ಅಂಟಿಸಿ, ಬಲಗಡೆ ಆ ತಿಂಗಳ ಒಂದೆರಡು ವಸ್ತು. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿದರೆ ಸಾಕು ಅನ್ನುತ್ತೇನೆ.

ಬಲಗಡೆ ಏನು ಹಾಕುವುದು? ಬಸ್ಸಿನ ಶೂನ್ಯ ಟಿಕೆಟ್ ಹಾಕಿ. ನಗಬೇಡಿ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾಯಿತು. ಅವತ್ತಿನಿಂದ ನೀವೆಲ್ಲಾ ಎಷ್ಟು ಶೂನ್ಯ ಟಿಕೆಟ್ ತೆಗೆದುಕೊಂಡಿದ್ದೀರಿ, ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಬಿಸಾಕಿದ್ದೀರಿ? ಒಂದು ಟಿಕೆಟ್ ಇಟ್ಟುಕೊಳ್ಳಿ. ಅದರ ಕೆಳಗೆ ಬರೆಯಿರಿ: ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಯಾಕೆ. "ಕುಷ್ಟಗಿಗೆ, ಅವ್ವನ ಕಣ್ಣು ತೋರಿಸಾಕ. ಮನೆಯವರ ಹತ್ರ ರೊಕ್ಕ ಕೇಳಲಿಲ್ಲ." ಇಷ್ಟು ಬರೆದರೆ ಮುಂದೆ ನಿಮ್ಮ ಮೊಮ್ಮಗಳಿಗೆ ಆ ಯೋಜನೆ ಒಂದು ಮನೆಯೊಳಗೆ ಏನು ಮಾಡಿತು ಅಂತ ಗೊತ್ತಾಗುತ್ತದೆ. ಪೇಪರಿನಲ್ಲಿ ಬರುವ ಕೋಟಿ ಲೆಕ್ಕದಿಂದ ಅದು ಗೊತ್ತಾಗುವುದಿಲ್ಲ.

ಆದರೆ ಟಿಕೆಟ್ಟನ್ನು ಹಾಗೇ ಅಂಟಿಸಿದರೆ ಉಳಿಯುವುದಿಲ್ಲ. ಮಷಿನ್ನಿನಿಂದ ಬರುವ ಆ ಚೀಟಿಗೆ ಶಾಯಿಯೇ ಇಲ್ಲ. ಕಾಗದದ ಮೇಲೆ ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ, ಮಷಿನ್ನು ಬಿಸಿ ಮಾಡಿ ಅಕ್ಷರ ಮೂಡಿಸುತ್ತದೆ. ಬೆಳಕು, ಶಾಖ, ಎಣ್ಣೆ ಕೈ, ಪ್ಲಾಸ್ಟಿಕ್ ಕವರು, ಕೆಲವು ಅಂಟು ಯಾವುದು ತಾಗಿದರೂ ಅಕ್ಷರ ಮಾಸುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನ ಬಗ್ಗೆ ನಾನು ಹೇಳಬೇಕೆ? ಪೆಟ್ರೋಲ್ ಬಂಕಿನ ರಸೀದಿ, ಎಟಿಎಂ ಚೀಟಿ ಎಲ್ಲಾ ಇದೇ ಜಾತಿ. ಅವತ್ತೇ ಒಂದು ಝೆರಾಕ್ಸ್ ತೆಗೆಸಿ, ಅದನ್ನು ಅಂಟಿಸಿ. ಅಸಲಿ ಚೀಟಿಯನ್ನು ಬೇಕಾದರೆ ಒಂದು ಕಾಗದದ ಲಕೋಟೆಯಲ್ಲಿ ಇಡಿ.

ಪೇಪರ್ ಕಟಿಂಗಿಗೂ ಇದೇ ಮಾತು. ಸುದ್ದಿಪತ್ರಿಕೆಯ ಕಾಗದ ಅಗ್ಗದ್ದು. ಮರದ ತಿರುಳಿನಲ್ಲಿರುವ ಲಿಗ್ನಿನ್ ಅದರಲ್ಲಿ ಉಳಿದಿರುತ್ತದೆ, ಬೆಳಕು-ಗಾಳಿಗೆ ಹಳದಿಯಾಗಿ, ಆಮ್ಲ ಬಿಟ್ಟು, ಪಕ್ಕದ ಫೋಟೋಗೂ ಕಲೆ ಹಚ್ಚುತ್ತದೆ. ಅದನ್ನೂ ಝೆರಾಕ್ಸ್ ಮಾಡಿಸಿ. ಇನ್ನೊಂದು ಮಾತು, ಪೇಪರಿನ ಸುದ್ದಿ ನಿಮ್ಮ ಮನೆಯ ದಾಖಲೆ ಆಗುವುದಿಲ್ಲ. ಅದು ಊರಿಗೆಲ್ಲಾ ಬಂದದ್ದು. ಗೇಟ್ ಹೋದ ಸುದ್ದಿ ಎಲ್ಲಾ ಲೈಬ್ರರಿಯಲ್ಲೂ ಸಿಗುತ್ತದೆ, ಆ ರಾತ್ರಿ ನಿಮ್ಮ ಮಾವನವರು ಊಟ ಬಿಟ್ಟು ಎದ್ದದ್ದು ಎಲ್ಲೂ ಸಿಗುವುದಿಲ್ಲ. ಕಟಿಂಗ್ ಪಕ್ಕದಲ್ಲಿ ಅದನ್ನು ಬರೆಯಿರಿ.

ಈಗ ಅಡುಗೆಮನೆಗೆ ಬನ್ನಿ. ನಿಮ್ಮ ಸ್ಟೀಲ್ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿರುತ್ತಾರಲ್ಲ? ಕೊಟ್ಟವರ ಹೆಸರು, ಊರು, ತಾರೀಖು. ಮದುವೆಯ ಆಯಾರ, ಗೃಹಪ್ರವೇಶದ ಉಡುಗೊರೆ. ಕೆಲವು ಕೊಡಗಳ ಮೇಲೆ ಅಜ್ಜಿಯ ತವರಿನವರ ಹೆಸರು ಇರುತ್ತದೆ. ನಿಮ್ಮ ವಂಶಾವಳಿ ಅರ್ಧ ಅಲ್ಲೇ ಇದೆ. ದಿನಾ ಉಜ್ಜಿ ಉಜ್ಜಿ ಅಳಿಸುತ್ತಿದ್ದೇವೆ, ಅಷ್ಟೇ. ತೆಳು ಬಿಳಿ ಕಾಗದವನ್ನು ಆ ಅಕ್ಷರದ ಮೇಲಿಟ್ಟು ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಿಕ್ಕಿ. ಹೆಸರು ಬಿಳಿಯಾಗಿ ಮೂಡುತ್ತದೆ. ಮಕ್ಕಳಿಗೆ ಕೊಡಿ ಈ ಕೆಲಸ, ಮಧ್ಯಾಹ್ನವೆಲ್ಲಾ ಕಪಾಟು ಖಾಲಿ ಮಾಡುತ್ತಾರೆ, ಬೈಯಬೇಡಿ. ಆ ಕಾಗದಗಳನ್ನು ಅಂಟಿಸಿ, ಇದು ಯಾವ ಪಾತ್ರೆ, ಈಗ ಏನು ಮಾಡಲು ಬಳಸುತ್ತೀರಿ ಅಂತ ಬರೆಯಿರಿ. ಮದುವೆಯ ಮುಯ್ಯಿ ಪುಸ್ತಕ ಇದ್ದರೆ ಅದರ ಒಂದು ಪುಟದ ಝೆರಾಕ್ಸ್ ಪಕ್ಕದಲ್ಲಿಡಿ. ಯಾರು ಹನ್ನೊಂದು ರೂಪಾಯಿ, ಯಾರು ಐವತ್ತೊಂದು ಅಂತ. ಜಗಳಕ್ಕೆ ಕಾರಣವಾಗದ ಪುಟವನ್ನು ಆರಿಸಿಕೊಳ್ಳಿ, ಅದು ನಿಮ್ಮ ಜಾಣತನ.

ಹಳೆಯ ಕಾಗದಗಳಲ್ಲಿ ಲಕೋಟೆ ಬಿಸಾಕಬೇಡಿ. ಪತ್ರದಷ್ಟೇ ವಿಳಾಸವೂ ಮುಖ್ಯ. "ತಾ. ಕೊಪ್ಪಳ, ಜಿ. ರಾಯಚೂರು" ಅಂತ ಇದ್ದರೆ ಅದು 1997ಕ್ಕಿಂತ ಹಿಂದಿನದು, ಆಗ ನಮಗೆ ಸ್ವಂತ ಜಿಲ್ಲೆ ಇರಲಿಲ್ಲ. "ಬಳ್ಳಾರಿ ಜಿಲ್ಲೆ, ಹೊಸಪೇಟೆ" ಅಂತ ಇದ್ದರೆ 2021ಕ್ಕಿಂತ ಹಿಂದಿನದು ಇರಬಹುದು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು, ಬಳ್ಳಾರಿಯವರು 1953ರವರೆಗೆ ಮದ್ರಾಸಿನವರು. ಮೂವತ್ತು-ನಲವತ್ತು ಮೈಲಿ ದೂರದ ಬೀಗರು ಬೇರೆ ರಾಜ್ಯದವರು! ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿದ್ದರೆ ಓದಲು ಬರುವುದಿಲ್ಲ ಅಂತ ಟ್ರಂಕಿಗೆ ಹಾಕಬೇಡಿ. ಓದಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ. ಒಂದು ಕಪ್ ಚಹಾ ಕೊಟ್ಟು ಓದಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಡಿ.

ಬರೆಯುವ ವಿಷಯಕ್ಕೆ ಬಂದೆ. ಪುಸ್ತಕದ ಜೀವ ಇರುವುದು ಇದರಲ್ಲಿ, ಅಂಟಿಸಿದ್ದರಲ್ಲಿ ಅಷ್ಟಾಗಿ ಇಲ್ಲ. ಫೋಟೋ ಕೆಳಗೆ "ದೊಡ್ಡವ್ವ" ಅಂತ ಬರೆಯುತ್ತೀರಿ. ಯಾರ ದೊಡ್ಡವ್ವ? ಬರೆದವರು ನೀವೋ, ನಿಮ್ಮ ಮಗಳೋ? ಇಪ್ಪತ್ತು ವರ್ಷದ ನಂತರ ಓದುವವರಿಗೆ ಅದು ಯಾರೂ ಅಲ್ಲ. ಪೂರ್ತಿ ಹೆಸರು, ಅವರ ತವರೂರು, ಬರೆದವರಿಗೆ ಏನಾಗಬೇಕು ಇಷ್ಟೂ ಇರಲಿ. ಹೆಸರೊಂದೇ ಸಾಲದು. ಕೊಪ್ಪಳದಲ್ಲಿ ಗವಿಸಿದ್ದಪ್ಪ ಅಂತ ಕೂಗಿ ನೋಡಿ, ಅರ್ಧ ಓಣಿ ತಿರುಗುತ್ತದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವವರು ನಾವು, ಒಂದೇ ಮನೆಯಲ್ಲಿ ಮೂವರು ಶರಣಪ್ಪ ಇರುತ್ತಾರೆ.

ಮನೆಯ ಹಿರಿಯರ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಶಿಕ್ಷಕಿಯರಿಗೆ ಇದು ಕಷ್ಟ, ಕೈ ಕೆಂಪು ಪೆನ್ನಿಗೆ ಹೋಗುತ್ತದೆ. ನಮ್ಮ ಅತ್ತೆಯವರನ್ನು ನಾನು ಕೇಳಿದೆ, "ಅತ್ತಿ, ನೀವು ಹೊಸದಾಗಿ ಈ ಮನಿಗೆ ಬಂದಾಗ ದಿನಾ ಏನ್ ಮಾಡ್ತಿದ್ರಿ?" ಅಂತ. ಅವರು, "ಏ ಯವ್ವಾ, ಅದರಾಗ ಬರಿಯಾಕ ಏನೈತಿ? ಹೊತ್ತು ಹುಟ್ಟಿದ್ರ ರೊಟ್ಟಿ ಬಡದ್ವಿ, ಹೊಲಕ್ಕ ಹೋದ್ವಿ" ಅಂದು ಸುಮ್ಮನಾದರು. ಎಲ್ಲಾ ಹಿರಿಯರೂ ಮೊದಲು ಕೊಡುವುದು ಇದೇ ಉತ್ತರ. ಇಲ್ಲಿಗೆ ಬಿಟ್ಟರೆ ಕೆಟ್ಟಿತು. ನಾನು ಸಣ್ಣದು ಕೇಳಿದೆ: "ಹಿಟ್ಟು ಎಲ್ಲಿ ಬೀಸಿಸ್ತಿದ್ರಿ?" ಆಗ ನೋಡಿ. "ಬೀಸಿಸೂದು ಎಲ್ಲೀದು? ನಾವಽ ಬೀಸ್ತಿದ್ವಿ. ನಾನೂ ನಮ್ಮ ನೆಗೆಣ್ಣಿನೂ ಎದುರಾಬದರ ಕುಂತು. ಆಕಿ ಹಾಡ್ತಿದ್ಲು. ನನಗ ಹಾಡಾಕ ಬರ್ತಿದ್ದಿಲ್ಲ, ಆಕಿ ನುಡಿ ಮುಗಿಸಿದ್ರ ಹೂಂ ಅಂತಿದ್ದೆ. ಒಂದಿನ ಸಿಟ್ಟು ಬಂದು ಹೂಂ ಅನ್ನಲಿಲ್ಲ, ಆಕಿ ಕಲ್ಲು ಬಿಟ್ಟು ಎದ್ದು ಹೋದ್ಲು."

ಈ ನಾಲ್ಕು ಸಾಲಿನಲ್ಲಿ ಇಬ್ಬರು ಸೊಸೆಯಂದಿರು ಎದ್ದು ನಿಲ್ಲುತ್ತಾರೆ. "ಆ ಕಾಲದಲ್ಲಿ ಮಹಿಳೆಯರು ಬೀಸುವ ಕಲ್ಲಿನಿಂದ ಹಿಟ್ಟು ಬೀಸುತ್ತಿದ್ದರು" ಅಂತ ಬರೆದರೆ ಸಮಾಜ ವಿಜ್ಞಾನದ ನೋಟ್ಸು. ಹಾಗಾಗಿ ಸಣ್ಣ ಪ್ರಶ್ನೆ ಕೇಳಿ. ನೀರು ಎಲ್ಲಿಂದ, ಉಪ್ಪು ಯಾವುದರಲ್ಲಿ ಇಡುತ್ತಿದ್ದಿರಿ, ಮೊದಲು ಉಣ್ಣುತ್ತಿದ್ದವರು ಯಾರು, ಕೊನೆಗೆ ಉಣ್ಣುತ್ತಿದ್ದವರು ಯಾರು. ಕೊನೆಯ ಪ್ರಶ್ನೆಗೆ ಕೆಲವರು ಉತ್ತರ ಕೊಡುವುದಿಲ್ಲ. ಒತ್ತಾಯ ಮಾಡಬೇಡಿ.

ಸ್ವಲ್ಪ ದಾರಿ ತಪ್ಪಿ ಒಂದು ಮಾತು ಹೇಳುತ್ತೇನೆ. ನಮ್ಮ ಗವಿಮಠದ ಬೆಟ್ಟದ ಮೇಲೆ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಇವೆ. ಎರಡು ಸಾವಿರ ವರ್ಷಕ್ಕೂ ಜಾಸ್ತಿ ಆಯಿತು, ರಾಜನ ಮಾತು ಬಂಡೆಯ ಮೇಲೆ ಹಾಗೇ ಇದೆ. ಅತ್ತ ಬಳ್ಳಾರಿ ಹತ್ತಿರ ಸಂಗನಕಲ್ಲಿಗೆ ಹೋಗಿ. ಅದು ಅಶೋಕನಿಗಿಂತ ಎಷ್ಟೋ ಹಳೆಯದು, ಹೊಸ ಶಿಲಾಯುಗದ ನೆಲೆ. ಅಲ್ಲಿ ಒಂದು ಅಕ್ಷರ ಇಲ್ಲ. ಕಲ್ಲು ಕೊಡಲಿ ಮಾಡಿದ ಜಾಗ, ಅರೆದು ಅರೆದು ಬಂಡೆಯಲ್ಲಿ ಬಿದ್ದ ಕುಳಿ, ಸುಟ್ಟ ಹುರಳಿ, ಹೆಸರು ಕಾಳು ಸಿಕ್ಕಿವೆ. ಅಕ್ಷರ ಇಲ್ಲದ ಊರಿನವರು ಏನು ತಿಂದರು ಅಂತ ಗೊತ್ತಾಯಿತು, ಅವರ ಹೆಸರು ಮಾತ್ರ ಒಂದೂ ಗೊತ್ತಿಲ್ಲ. ನಮಗೆ ಕಾಳೂ ಇದೆ, ಅಕ್ಷರವೂ ಇದೆ. ಎರಡನ್ನೂ ಒಂದೇ ಪುಟಕ್ಕೆ ತರಲು ಏನು ಕಷ್ಟ?

ಇನ್ನು ಕೈಕೆಲಸ. ಪುಸ್ತಕ ಯಾವುದಾದರೂ ಆಗುತ್ತದೆ. ದಪ್ಪ ಹಾಳೆಯ ಡ್ರಾಯಿಂಗ್ ಬುಕ್ ಒಳ್ಳೆಯದು. ಅಂಟಿಸುತ್ತಾ ಹೋದರೆ ಪುಸ್ತಕ ಉಬ್ಬಿ ಬಾಯಿ ಬಿಡುತ್ತದೆ. ಅದಕ್ಕೆ ಮೊದಲೇ ಒಂದು ಹಾಳೆ ಬಿಟ್ಟು ಒಂದು ಹಾಳೆಯನ್ನು ಬುಡದಲ್ಲಿ ಎರಡು ಬೆರಳು ಅಗಲ ಉಳಿಸಿ ಕತ್ತರಿಸಿ. ಆ ಬುಡ ಅಂಟಿಸಿದ ವಸ್ತುವಿನ ದಪ್ಪಕ್ಕೆ ಜಾಗ ಕೊಡುತ್ತದೆ. ಗುಂಡುಪಿನ್ನು, ಸ್ಟೇಪ್ಲರ್ ಬೇಡ, ತುಕ್ಕು ಹಿಡಿಯುತ್ತವೆ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಕೆಲವೇ ವರ್ಷಕ್ಕೆ ಪ್ಲಾಸ್ಟಿಕ್ ಉದುರಿ, ಕಂದು ಅಂಟು ಕಾಗದದೊಳಗೆ ಇಳಿದು ಕೂರುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಶಾಶ್ವತ ಅಂದುಕೊಂಡಿದ್ದೇವೆ. ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ, ಒಳಗಿನ ಕಾಗದ ಕೆಟ್ಟರೆ ಒಳಗೇ ಕೆಡುತ್ತದೆ.

ಅಂಟಿನ ಕಥೆ ದೊಡ್ಡದು. ಅಮೆರಿಕದ ಮಾರ್ಕ್ ಟ್ವೈನ್ ಗೊತ್ತಲ್ಲ, ಸಾಹಿತಿ, ಅವರಿಗೂ ಸ್ಕ್ರ್ಯಾಪ್‌ಬುಕ್ ಹುಚ್ಚಿತ್ತು. ಅಂಟಿನ ಗೊಡವೆ ಬೇಡ ಅಂತ ಮೊದಲೇ ಅಂಟು ಬಳಿದ ಹಾಳೆಗಳ ಪುಸ್ತಕಕ್ಕೆ 1873ರಲ್ಲಿ ಪೇಟೆಂಟ್ ತೆಗೆದುಕೊಂಡರು. ಒದ್ದೆ ಮಾಡಿ ಒತ್ತಿದರೆ ಆಯಿತು. ನಮಗೆ ಅಷ್ಟು ದೂರ ಹೋಗುವುದು ಬೇಡ. ಇಲ್ಲೇ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಮನೆಯಲ್ಲಿ ಮೈದಾ ಸರಿ ಕಾಯಿಸುತ್ತೇವೆ. ಎರಡೂ ಗಟ್ಟಿ. ಆದರೆ ಎರಡನ್ನೂ ಹುಳ ತಿನ್ನುತ್ತದೆ. ಗೋಡೆಗೆ ಪೋಸ್ಟರ್ ಹಚ್ಚುವವರು ಮೈದಾಕ್ಕೆ ಮೈಲುತುತ್ತ ಸೇರಿಸುತ್ತಾರೆ, ಅದು ವಿಷ, ಮಕ್ಕಳು ಕೈ ಹಾಕುವ ಮನೆಯಲ್ಲಿ ಬೇಡ. ಫೋಟೋಗಳಿಗೆ ಅಂಟೇ ಹಚ್ಚಬೇಡಿ. ಕಾಗದದ ಸಣ್ಣ ತ್ರಿಕೋನ ಮಡಚಿ ನಾಲ್ಕು ಮೂಲೆಗೆ ಜೇಬು ಮಾಡಿ, ಜೇಬಿಗೆ ಮಾತ್ರ ಅಂಟು ಹಚ್ಚಿ ಫೋಟೋ ಸಿಕ್ಕಿಸಿ. ಬೇಕಾದಾಗ ತೆಗೆದು ಸ್ಕ್ಯಾನ್ ಮಾಡಬಹುದು. ಫೋಟೋ ಹಿಂದೆ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ ಒತ್ತಿದರೆ ಅಕ್ಷರ ಮುಖದ ಮೇಲೆ ಮೂಡುತ್ತದೆ.

ಹಿಂದೆ ಬರುತ್ತಿದ್ದ ಅಂಟು ಹಾಳೆಯ ಆಲ್ಬಮ್, ಪ್ಲಾಸ್ಟಿಕ್ ಎತ್ತಿ ಫೋಟೋ ಇಟ್ಟು ಮುಚ್ಚುವುದು, ಅದು ಮನೆಯಲ್ಲಿದ್ದರೆ ಈ ವಾರವೇ ಫೋಟೋಗಳನ್ನು ಹೊರಗೆ ತೆಗೆಯಿರಿ. ಆ ಅಂಟು ಫೋಟೋ ತಿನ್ನುತ್ತದೆ. ಬರದಿದ್ದರೆ ಎಳೆಯಬೇಡಿ, ತೆಳು ನೈಲಾನ್ ದಾರವನ್ನು ಫೋಟೋ ಕೆಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಆಗಲೂ ಬರದಿದ್ದರೆ ಹಾಗೇ ಬಿಟ್ಟು ಪುಟದ ಫೋಟೋ ತೆಗೆದುಕೊಳ್ಳಿ.

ಪುಸ್ತಕವನ್ನು ಸಜ್ಜಾದ ಮೇಲೆ ಇಡಬೇಡಿ. ಆರ್‌ಸಿಸಿ ಛತ್ತಿನ ಕೆಳಗೆ ಬೇಸಿಗೆಯಲ್ಲಿ ಬೇಯುತ್ತದೆ. ಗೋಡೆಗೆ ಒತ್ತಿಯೂ ಇಡಬೇಡಿ, ವರಲಿ, ಅಂದರೆ ಗೆದ್ದಲು, ಬರುವುದು ಅಲ್ಲಿಂದಲೇ. ತಿಜೋರಿಯ ನಡುವಿನ ಖಾನೆ ವಾಸಿ, ಆ ಪ್ಲಾಸ್ಟಿಕ್ ಫೈಲಿನ ಪಕ್ಕ. ವರ್ಷಕ್ಕೆರಡು ಸಲ ತೆಗೆದು ಪುಟ ತಿರುವಿದರೆ ಹುಳಕ್ಕೆ ನೆಮ್ಮದಿ ಇರುವುದಿಲ್ಲ. ಆಧಾರ್ ನಂಬರು, ಬ್ಯಾಂಕಿನ ಪಾಸ್‌ಬುಕ್ ಪುಟ ಇವನ್ನು ಮಾತ್ರ ಇದರಲ್ಲಿ ಅಂಟಿಸಬೇಡಿ, ಬಂದವರೆಲ್ಲ ನೋಡುವ ಪುಸ್ತಕ ಇದು.

ಮೊಬೈಲಿನಲ್ಲಿ ಎಲ್ಲಾ ಇದೆಯಲ್ಲ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಇದೆ. ಸಾವಿರಾರು ಇವೆ, ಅದೇ ತೊಂದರೆ. ವಾಟ್ಸಾಪಿನಲ್ಲಿ ಬಂದ ಫೋಟೋ ಕುಗ್ಗಿ ಬಂದಿರುತ್ತದೆ, ದೊಡ್ಡದು ಮಾಡಿದರೆ ಮುಖ ಮಸುಕು. ಮೊಬೈಲ್ ಬಿದ್ದರೆ, ಕಳೆದರೆ ಮುಗಿಯಿತು. ತಿಂಗಳಿಗೆ ಒಂದೇ ಒಂದು ಫೋಟೋ ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ನಗುತ್ತಾ ನಿಂತದ್ದು ಬೇಡ. ಅಡುಗೆಕಟ್ಟೆಯದು, ಬಟ್ಟೆ ಒಣಗಿದ ಅಂಗಳದ್ದು, ಮಗ ಹೋಮ್‌ವರ್ಕ್ ಮಾಡುತ್ತಾ ನಿದ್ದೆ ಹೋದದ್ದು ಆಗಲಿ.

ಇನ್ನೊಂದು ಪ್ರಶ್ನೆ ಬಂದಿದೆ: ಅಣ್ಣತಮ್ಮಂದಿರು ಪಾಲಾದರೆ ಪುಸ್ತಕ ಯಾರಿಗೆ? ಒಳ್ಳೆಯ ಪ್ರಶ್ನೆ. ಹೊಲಕ್ಕಿಂತ ಇದಕ್ಕೇ ಜಗಳ ಆಗಬಹುದು. ಪಾಲಾಗುವ ಮೊದಲೇ ಪುಟ ಪುಟ ಬಣ್ಣದ ಝೆರಾಕ್ಸ್ ತೆಗೆಸಿ ಮನೆಗೊಂದು ಪ್ರತಿ ಕೊಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸೇರಿಸಿ. ಅವರನ್ನು ಬಿಡುವ ಅಭ್ಯಾಸ ನಮಗಿದೆ, ಅದಕ್ಕೆ ಬಿಡಿಸಿ ಹೇಳುತ್ತಿದ್ದೇನೆ. ಅಸಲಿ ಪುಸ್ತಕ, ಅದರಲ್ಲಿ ಮುಂದಿನ ತಿಂಗಳ ಹಾಳೆ ಅಂಟಿಸುವವರು ಯಾರೋ ಅವರ ಹತ್ತಿರ ಇರಲಿ. ಅಂಟಿಸುವುದನ್ನು ಬಿಟ್ಟರೆ ಇನ್ನೊಬ್ಬರಿಗೆ ದಾಟಿಸಲಿ.